ಗಲ್ಲಾದ ಹಿಂದೆ ಕುಳಿತವರ ಆರೋಗ್ಯ



ಚರಕಸಂಹಿತೆಯ ಕಟ್ಟಕಡೆಯ ಭಾಗವಾದ ಸಿದ್ಧಿಸ್ಥಾನದಲ್ಲಿ, ಬಸ್ತಿಕರ್ಮವೇ ಮೊದಲಾದ ಶುಷ್ಕ ಶಾಸ್ತ್ರವಿಚಾರಗಳ ನಡುವೆ, ಓದುಗನು ತಟಕ್ಕನೆ ನಿಂತು ತನ್ನ ನೆರೆಹೊರೆಯವರನ್ನು ನೆನೆದು ನಗುವಂಥ ಒಂದು ಪ್ರಸಂಗವುಂಟು. ಯಾವಾಗಲೂ ಒಂದಿಲ್ಲೊಂದು ಬೇನೆಯನ್ನು ಹೊತ್ತುಕೊಂಡೇ ತಿರುಗುವ ಸದಾತುರರು ಯಾರು, ಅವರಿಗೆ ಹಿತವಾದುದು ಯಾವುದು ಎಂದು ಶಿಷ್ಯನಾದ ಅಗ್ನಿವೇಶನು ಪ್ರಶ್ನಿಸಲು, ಗುರುವು ನಾಲ್ಕು ಬಗೆಯ ಜನರನ್ನು ಹೆಸರಿಸುತ್ತಾನೆ: ವೇದಾಧ್ಯಯನದಲ್ಲಿ ಮುಳುಗಿದ ಶ್ರೋತ್ರಿಯರು, ಅರಸನ ಸೇವಕರು, ಗಣಿಕೆಯರು, ಕೊಳ್ಳುವ ಮಾರುವ ವೃತ್ತಿಯಿಂದ ಬದುಕುವ ವರ್ತಕರು. ಶ್ರೋತ್ರಿಯನು ವ್ರತನೇಮಗಳ ಭರದಲ್ಲಿ ದೇಹವನ್ನು ಮರೆಯುತ್ತಾನೆ. ರಾಜಸೇವಕನು ಒಡೆಯನ ಚಿತ್ತವನ್ನು ಅನುಸರಿಸುವ ಚಿಂತೆಯಲ್ಲಿಯೂ ಭಯದಲ್ಲಿಯೂ ಸವೆಯುತ್ತಾನೆ. ಗಣಿಕೆಯು ಪರರನ್ನು ಮೆಚ್ಚಿಸುವ ಅಲಂಕಾರದಲ್ಲಿ ತನ್ನ ಹಿತವನ್ನು ಕಳೆದುಕೊಳ್ಳುತ್ತಾಳೆ. ವರ್ತಕನಾದರೋ ಸದಾ ಕುಳಿತೇ ಇರುವುದರಿಂದಲೂ ಕ್ರಯವಿಕ್ರಯಗಳ ಲೋಭ ಒಂದು ಗಳಿಗೆಯೂ ಬಿಡದಿರುವುದರಿಂದಲೂ ರೋಗಿಯಾಗುತ್ತಾನೆ. ಈ ನಾಲ್ವರೂ ಮಲಮೂತ್ರಗಳೇ ಮೊದಲಾಗಿ ಬಂದ ದೇಹದ ವೇಗಗಳನ್ನು ತಡೆದುಕೊಳ್ಳುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಇವರಂತೆ ಬಾಳುವವರು ಬೇರೆ ಯಾರೇ ಆಗಲಿ ಅವರೂ ಸದಾತುರರೇ ಎಂದು ಗ್ರಂಥಕಾರನು ಹೇಳಿ ಮುಗಿಸುತ್ತಾನೆ.

ಸಂಹಿತೆಯ ಈ ಭಾಗವನ್ನು ಪೂರೈಸಿದವನು ದೃಢಬಲನು. ಅವನು ಬಾಳಿದ್ದು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಎಂದು ಇಟ್ಟುಕೊಂಡರೂ, ಅಷ್ಟು ದೀರ್ಘವಾದ ಕಾಲವು ವರ್ತಕನ ಈ ರೋಗಲಕ್ಷಣದಲ್ಲಿ ಒಂದಕ್ಷರವನ್ನೂ ತಿದ್ದಿಲ್ಲವೆಂಬುದು ಆಶ್ಚರ್ಯದ ಸಂಗತಿ. ತಿದ್ದಿದ್ದರೆ ಕೆಟ್ಟದ್ದಕ್ಕೇ ತಿದ್ದಿದೆ. ಏಕೆಂದರೆ ಆತನು ನಾಲ್ವರಿಗೆ ಹಂಚಿಕೊಟ್ಟ ಕಾರಣಗಳೆಲ್ಲ ಇಂದಿನ ಉದ್ಯಮಿಯೊಬ್ಬನಲ್ಲಿಯೇ ಬಂದು ನೆಲಸಿವೆ. ತನ್ನ ಯೋಜನೆಯ ಧ್ಯಾನದಲ್ಲಿ ಅನ್ನಪಾನಗಳನ್ನು ಮರೆಯುವಾಗ ಅವನು ಶ್ರೋತ್ರಿಯ. ಬ್ಯಾಂಕಿನ ವ್ಯವಸ್ಥಾಪಕನ ಎದುರಿಗೂ ತೆರಿಗೆಯ ಅಧಿಕಾರಿಯ ಎದುರಿಗೂ ಕುರ್ಚಿಯ ಅಂಚಿನಲ್ಲಿ ಕುಳಿತಿರುವಾಗ ರಾಜಸೇವಕ. ಬಂಡವಾಳ ಹೂಡುವ ಮಹನೀಯರ ಮುಂದೆ ಬಣ್ಣಬಣ್ಣದ ಚಿತ್ರಪಟಗಳನ್ನು ಹರಡಿ ತನ್ನ ಸಂಸ್ಥೆಯ ಚೆಲುವನ್ನು ತೋರಿಸುವಾಗ ಏನೆಂದು ನಾನು ಬಿಡಿಸಿ ಹೇಳಬೇಕಾದುದಿಲ್ಲ.

ಇಷ್ಟನ್ನು ಕೇಳಿದವರು, ಆಯುರ್ವೇದವು ಹಣ ಗಳಿಸುವವರನ್ನು ಹಳಿಯುತ್ತದೆಂದು ಭಾವಿಸಬಾರದು. ಅದೇ ಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಮನುಷ್ಯನು ಅರಸತಕ್ಕ ಮೂರು ಏಷಣೆಗಳನ್ನು ಹೇಳಿದೆ. ಮೊದಲನೆಯದು ಪ್ರಾಣೈಷಣೆ, ಎರಡನೆಯದು ಧನೈಷಣೆ, ಮೂರನೆಯದು ಪರಲೋಕೈಷಣೆ. ಸಾಧನಸಂಪತ್ತಿಲ್ಲದವನ ದೀರ್ಘಾಯುಷ್ಯಕ್ಕಿಂತ ದೊಡ್ಡ ಪಾಪವಿಲ್ಲವೆಂದು ಅಲ್ಲಿ ನಿಸ್ಸಂಕೋಚವಾಗಿ ಹೇಳಿ, ಕೃಷಿ, ಪಶುಪಾಲನೆ, ವಾಣಿಜ್ಯ, ರಾಜಸೇವೆ ಎಂದು ಗಳಿಕೆಯ ದಾರಿಗಳನ್ನೂ ತೋರಿಸಿಕೊಟ್ಟಿದೆ. ಆದರೆ ಈ ಮೂರರ ಅನುಕ್ರಮವನ್ನು ಗಮನಿಸತಕ್ಕದ್ದು. ಪ್ರಾಣವು ಮುಂದೆ, ಧನವು ಹಿಂದೆ. ಪ್ರಾಣ ಹೋದರೆ ಎಲ್ಲವೂ ಹೋಯಿತೆಂಬ ಕಾರಣಕ್ಕಾಗಿ ಪರಲೋಕದ ಮಾತು ಕೂಡ ಅದರ ಹಿಂದೆಯೇ ನಿಲ್ಲಬೇಕು. ನಮ್ಮ ಉದ್ಯಮಿಗಳು ಈ ಕ್ರಮವನ್ನು ಬೇಕೆಂದೇ ತಲೆಕೆಳಗು ಮಾಡಿದವರಲ್ಲ. ಈಗ ಧನ, ಐವತ್ತು ದಾಟಿದ ಮೇಲೆ ಪ್ರಾಣ ಎಂದು ಒಂದು ವಾಯಿದೆಯನ್ನು ಹಾಕಿಕೊಂಡಿದ್ದಾರೆ, ಅಷ್ಟೆ. ಪ್ರಾಣವು ಆ ವಾಯಿದೆಗೆ ರುಜು ಹಾಕಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಕರಾವಳಿಯ ಕಡೆಯಿಂದ ಬಂದ ಒಬ್ಬ ಸಜ್ಜನರ ಹೋಟೆಲು ಇದೆ. ಹಾಲಿನ ಗಾಡಿ ಬರುವುದಕ್ಕೆ ಮುಂಚೆಯೇ ಅವರು ಬಾಗಿಲು ತೆಗೆಯಿಸಿ, ದೇವರ ಪಟಕ್ಕೆ ಊದುಕಡ್ಡಿ ಹಚ್ಚಿ, ಗಲ್ಲಾದ ಹಿಂದಿನ ಎತ್ತರದ ಪೀಠವನ್ನು ಏರುತ್ತಾರೆ. ರಾತ್ರಿ ಕೊನೆಯ ಮೇಜನ್ನು ಒರೆಸಿ ಕುರ್ಚಿಗಳನ್ನು ಅದರ ಮೇಲೆ ಬೋರಲು ಹಾಕುವವರೆಗೆ ಅವರನ್ನು ಅಲ್ಲಿಂದ ಎಬ್ಬಿಸುವ ಕಾರಣಗಳು ವಿರಳ. ಎದುರಿಗೆ ಬಂದು ನಿಂತ ಪರಿಚಿತರೊಡನೆಲ್ಲ ಒಂದೊಂದು ಬೈಟು ಕಾಫಿ. ದಿನಕ್ಕೆ ಹಾಗೆ ಎಷ್ಟು ಅರ್ಧ ಲೋಟಗಳು ಒಳಗೆ ಇಳಿಯುವುವೋ ಅವರಿಗೂ ತಿಳಿಯದು. ಅರ್ಧ ಲೋಟವನ್ನು ಅವರು ಕಾಫಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವರೆಲ್ಲ ಎದ್ದುಹೋಗಿ, ಸಂಜೆಯ ತಿಂಡಿಗೆ ಈರುಳ್ಳಿ ಹೆಚ್ಚುವ ಸದ್ದು ಒಳಗಿನಿಂದ ಕೇಳಿಬರುವ ಹೊತ್ತಿಗೆ ಒಬ್ಬ ಹುಡುಗನು ತಟ್ಟೆಯಲ್ಲಿ ತಣ್ಣಗಾದ ಅನ್ನ ಸಾರುಗಳನ್ನು ತಂದು ಗಲ್ಲಾದ ಪಕ್ಕದಲ್ಲಿ ಇಡುತ್ತಾನೆ. ಎಡಗೈ ಚಿಲ್ಲರೆ ಎಣಿಸುತ್ತಿರುತ್ತದೆ, ಬಲಗೈ ತುತ್ತು ಕಲಸುತ್ತಿರುತ್ತದೆ, ಕಿವಿ ಮತ್ತು ಭುಜಗಳ ನಡುವೆ ಸಿಕ್ಕಿದ ಮೊಬೈಲಿನಲ್ಲಿ ತರಕಾರಿಯ ಮಂಡಿಯವನೊಡನೆ ವಾಗ್ವಾದ ನಡೆಯುತ್ತಿರುತ್ತದೆ. ಪ್ರತಿದಿನವೂ ನೂರಾರು ಜನರಿಗೆ ಬಿಸಿಬಿಸಿಯಾಗಿ ಬಡಿಸುವ ಆ ಮನೆಯಲ್ಲಿ ತಂಗಳು ಉಣ್ಣುವವರು ಯಜಮಾನರೊಬ್ಬರೇ.

ಹೀಗೆಂದು ನಾನು ಅವರನ್ನು ಪರಿಹಾಸ್ಯ ಮಾಡುತ್ತಿಲ್ಲ. ಅವರು ಒಂದು ದಿವಸ ಪೀಠವನ್ನು ಬಿಟ್ಟರೆ ಗಲ್ಲಾದಲ್ಲಿ ಏನು ಉಳಿದೀತು, ಹಾಲಿಗೆ ಎಷ್ಟು ನೀರು ಬಿದ್ದೀತು, ಅಡಿಗೆಭಟ್ಟನು ಯಾರೊಡನೆ ಜಗಳವಾಡಿ ಊರಿಗೆ ಹೊರಟಾನು ಎಂಬುದನ್ನು ಅವರು ಅನುಭವದಿಂದ ಬಲ್ಲರು. ಹೊರಗಿನಿಂದ ನೋಡಿದವರಿಗೆ ಲೋಭವೆಂದು ತೋರುವುದು ಒಳಗಿದ್ದವರಿಗೆ ಬಹುತೇಕ ಭಯವೇ ಆಗಿರುತ್ತದೆ. ಸಾಲದ ಕಂತು, ಮಳಿಗೆಯ ಬಾಡಿಗೆ, ಇಪ್ಪತ್ತು ಜನ ಕೆಲಸಗಾರರ ಮನೆಗಳಲ್ಲಿ ಹೊತ್ತಬೇಕಾದ ಒಲೆ, ಇವುಗಳನ್ನೆಲ್ಲ ತಲೆಯ ಮೇಲೆ ಹೊತ್ತವನಿಗೆ ಹೋಗಿ ಹಾಯಾಗಿರು ಎಂದು ಉಪದೇಶಿಸುವುದಕ್ಕಿಂತ ಸುಲಭವೂ ನಿಷ್ಪ್ರಯೋಜಕವೂ ಆದ ಕೆಲಸ ಇನ್ನೊಂದಿಲ್ಲ. ಇತ್ತೀಚೆಗೆ ಪೇಟೆಯಲ್ಲಿ ಸ್ವ-ಆರೈಕೆಯೆಂಬ ಹೆಸರಿನಿಂದ ಮಾರಾಟಕ್ಕೆ ಬಂದಿರುವ ಸುಗಂಧತೈಲಗಳೂ ಬೆಟ್ಟದ ಮೇಲಿನ ವಿಶ್ರಾಂತಿಧಾಮಗಳೂ ಇಂಥವರಿಗೆ ಉಪಕಾರ ಮಾಡಲಾರವು. ವಾರವೆಲ್ಲ ಕೆಡಿಸಿಕೊಂಡ ದೇಹವನ್ನು ಎರಡು ದಿನದಲ್ಲಿ ರಿಪೇರಿ ಮಾಡಿಸಿಕೊಂಡು ಬರುತ್ತೇನೆಂಬುದು ಮತ್ತೊಂದು ಬಗೆಯ ವ್ಯಾಪಾರವೇ ಹೊರತು ಆರೋಗ್ಯವಲ್ಲ. ಬೇಕಾದುದು ಬೇರೆ: ಯಜಮಾನನ ಊಟ, ನಿದ್ರೆ, ಬಿಡುವು ಇವು ಉದ್ಯಮದ ಕೆಲಸ ಮುಗಿದು ಮಿಕ್ಕ ಹೊತ್ತಿಗೆ ಸೇರಿದುವಲ್ಲ, ಉದ್ಯಮದ ಏರ್ಪಾಟಿನ ಒಂದು ಅಂಗವಾಗಿಯೇ ಅವುಗಳನ್ನು ಮೊದಲು ಗೊತ್ತುಮಾಡತಕ್ಕದ್ದು ಎಂಬ ತಿಳಿವಳಿಕೆ.

ಆರಂಭದಲ್ಲಿ ವೇಗಗಳ ವಿಚಾರವನ್ನು ಎತ್ತಿದೆನಷ್ಟೆ. ಹಸಿವು, ಬಾಯಾರಿಕೆ, ನಿದ್ರೆ, ಮಲಮೂತ್ರಗಳು, ಆಕಳಿಕೆ, ಸೀನು, ಕಣ್ಣೀರು, ಕೊನೆಗೆ ಆಯಾಸದಿಂದ ಬರುವ ಏದುಸಿರು ಸಹ ತಡೆಯಬಾರದ ವೇಗಗಳೆಂದು ಪ್ರಾಚೀನರು ಎಣಿಸಿ, ಒಂದೊಂದನ್ನು ತಡೆದುದರಿಂದ ಯಾವ ಯಾವ ರೋಗ ಹುಟ್ಟುವುದೆಂದು ಸವಿಸ್ತಾರವಾಗಿ ಬರೆದಿಟ್ಟರು. ಚರಕಸಂಹಿತೆಯು ಇವುಗಳನ್ನು ಎಣಿಸುವ ಅಧ್ಯಾಯದಲ್ಲಿಯೇ ತಡೆಯಲೇಬೇಕಾದ ವೇಗಗಳ ಮತ್ತೊಂದು ಪಟ್ಟಿಯೂ ಇದೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಮೊದಲಾದುವು ಅದರಲ್ಲಿವೆ. ವ್ಯಾಪಾರದ ಭರದಲ್ಲಿ ನಾವು ಈ ಎರಡು ಪಟ್ಟಿಗಳನ್ನೂ ಅದಲುಬದಲು ಮಾಡಿಕೊಂಡುಬಿಟ್ಟಿದ್ದೇವೆ. ಗಿರಾಕಿಯು ಎದುರಿಗಿದ್ದಾನೆಂದು ಮೂತ್ರವನ್ನು ಎರಡು ತಾಸು ತಡೆದು ಕೂರುವವನು, ಪಕ್ಕದ ಅಂಗಡಿಗೆ ಹೊಸ ನಾಮಫಲಕ ಬಂದುದನ್ನು ಕಂಡು ಹುಟ್ಟಿದ ಹೊಟ್ಟೆಯುರಿಯನ್ನು ಮಾತ್ರ ಒಂದು ನಿಮಿಷವೂ ತಡೆಯುವುದಿಲ್ಲ.

ನಮ್ಮ ಶಾಸನವು ಕೆಲಸಗಾರನ ದೇಹವನ್ನು ಕುರಿತು ಸಾಕಷ್ಟು ಯೋಚಿಸಿದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವನ್ನು ತೆರೆದು ನೋಡಿದರೆ, ನೌಕರನ ದುಡಿಮೆಗೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂಬ ಮೇರೆಯನ್ನೂ, ಒಂದೇ ಸಮನೆ 5 ತಾಸು ದುಡಿದ ಮೇಲೆ ಒಂದು ತಾಸಿನ ವಿಶ್ರಾಂತಿಯನ್ನೂ, ವಾರಕ್ಕೊಂದು ರಜೆಯನ್ನೂ ಅದು ಮೂಲತಃ ವಿಧಿಸಿತೆಂಬುದು ತಿಳಿದುಬರುತ್ತದೆ. ಆದರೆ ಈ ರಕ್ಷೆಯೆಲ್ಲ ನೌಕರನಿಗೆ. ಮಾಲೀಕನು ಎಷ್ಟು ತಾಸು ಕುಳಿತ, ಯಾವಾಗ ಉಂಡ, ಯಾವ ದಿನ ಮಲಗಿದ ಎಂಬುದನ್ನು ವಿಚಾರಿಸುವ ಇನ್‌ಸ್ಪೆಕ್ಟರು ಯಾವ ಇಲಾಖೆಯಲ್ಲಿಯೂ ಇಲ್ಲ. ಇರಬೇಕೆಂದು ನಾನು ವಾದಿಸುವುದೂ ಇಲ್ಲ. ಒಡೆತನವೆಂಬುದು ಆ ಸ್ವಾತಂತ್ರ್ಯವನ್ನು ಒಳಗೊಂಡೇ ಬರುತ್ತದೆ. ಆದರೂ ತನ್ನ ಮಳಿಗೆಯ ಸಪ್ಲೈಯರನಿಗೆ ಕಾನೂನು ದಯಪಾಲಿಸಿದ ಒಂದು ತಾಸಿನ ಬಿಡುವನ್ನು ತನಗೆ ತಾನು ಕೊಟ್ಟುಕೊಳ್ಳಲಾರದ ಯಜಮಾನನನ್ನು ಸ್ವತಂತ್ರನೆಂದು ಕರೆಯಲು ನನ್ನ ನಾಲಿಗೆ ತಡೆಯುತ್ತದೆ.

ಸದಾ ಕುಳಿತಿರುವುದು ರೋಗಕ್ಕೆ ಮೂಲವೆಂಬ ಹಳೆಯ ಮಾತಿಗೆ ಹೊಸ ಕಾಲದ ಸಾಕ್ಷಿಯೂ ಉಂಟು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುವವರನ್ನು ಕುರಿತು ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ 1953ರಲ್ಲಿ ಒಂದು ಶೋಧವನ್ನು ಪ್ರಕಟಿಸಿದರು. ಡ್ರೈವರನೂ ಕಂಡಕ್ಟರನೂ ಒಂದೇ ಬಸ್ಸಿನವರು, ಹೆಚ್ಚುಕಡಮೆ ಒಂದೇ ಬಗೆಯ ಮನೆಗಳಿಂದ ಬಂದವರು. ಭೇದವೇನೆಂದರೆ ಡ್ರೈವರನು ದಿನವೆಲ್ಲ ಕುಳಿತಿರುತ್ತಿದ್ದನು, ಕಂಡಕ್ಟರನು ಟಿಕೆಟ್ಟು ಹರಿಯುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದನು. ಹೃದಯರೋಗವು ಕುಳಿತವನನ್ನೇ ಹೆಚ್ಚಾಗಿ ಹಿಡಿಯಿತು, ಹಿಡಿದಾಗ ಅವನನ್ನು ಬೇಗ ಕೊಂದಿತು. ಇನ್ನು ದುಡಿಮೆಯ ಅವಧಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಹೊರಡಿಸಿದ ಲೆಕ್ಕದ ಪ್ರಕಾರ, ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗಿಂತ 55 ತಾಸು ಅಥವಾ ಅದಕ್ಕೂ ಮೇಲೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ಶೇಕಡಾ 35ರಷ್ಟೂ, ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯವು ಶೇಕಡಾ 17ರಷ್ಟೂ ಹೆಚ್ಚು. ನಮ್ಮ ಹೋಟೆಲಿನ ಯಜಮಾನರು ಆ 55 ತಾಸುಗಳನ್ನು ಗುರುವಾರದ ಮಧ್ಯಾಹ್ನದ ಹೊತ್ತಿಗೇ ಮುಗಿಸಿರುತ್ತಾರೆ.

ನಾನಿಲ್ಲದೆ ನಡೆಯದು ಎಂಬುದೇ ಎಲ್ಲ ಉದ್ಯಮಿಗಳ ಕಡೆಯ ಉತ್ತರ. ಆದರೆ ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನವು ಶುಕ್ರವಾರ ಬಾಗಿಲು ಮುಚ್ಚುತ್ತದೆ; ಉಳಿದ ದಿನಗಳಲ್ಲಿಯೂ ಮಧ್ಯಾಹ್ನ ಎರಡು ಮೂರು ತಾಸು ಅಲ್ಲಿ ಕಾವಲಿ ತಣ್ಣಗಿರುತ್ತದೆ. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿಗೆ ಸೋಮವಾರ ರಜೆ. ಈ ರಜೆಗಳಿಂದ ದೋಸೆಯ ಕೀರ್ತಿಗಾಗಲಿ ಗಲ್ಲಾಪೆಟ್ಟಿಗೆಗಾಗಲಿ ಕುಂದು ಬಂದುದನ್ನು ನಾವು ಕಾಣೆವು. ಶನಿವಾರ ಬೆಳಿಗ್ಗೆ ಗಾಂಧಿಬಜಾರಿನ ಕಾಲುದಾರಿಯ ಮೇಲೆ ಹೆಸರು ಬರೆಸಿ ಕಾದು ನಿಂತವರ ಗುಂಪನ್ನು ನೋಡಿದರೆ ರಜೆಯೇ ಹಸಿವನ್ನು ಹೆಚ್ಚಿಸಿದಂತೆ ತೋರುತ್ತದೆ. ಇನ್ನೊಂದು ಮಾತು: ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಹೋಟೆಲನ್ನು ಇತರರ ಕೈಗೆ ಒಪ್ಪಿಸಿ ಯುರೋಪಿನ ಪ್ರವಾಸಕ್ಕೆ ಹೊರಟರು. ಅಲ್ಲಿನ ಊಟದ ಮನೆಗಳ ಶುಚಿತ್ವವನ್ನು ಕಣ್ಣಾರೆ ಕಂಡು ಹಿಂದಿರುಗಿ, ತಮ್ಮಲ್ಲಿ ಅದನ್ನು ನೆಲೆಗೊಳಿಸಿದರು. ಪೀಠವನ್ನು ಬಿಟ್ಟು ಏಳದವರಾಗಿದ್ದರೆ ಅವರ ಕಣ್ಣಿಗೆ ತಮ್ಮ ಅಡಿಗೆಮನೆಯ ಗೋಡೆಯಿಂದಾಚೆಗಿನದು ಏನೂ ಬೀಳುತ್ತಿರಲಿಲ್ಲ.

ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಬಸವಣ್ಣನ ವಾರವೆಂಬ ಭಕ್ತಿಯೇನೋ ಅದರ ಹಿಂದೆ ಇದೆ. ಆದರೆ ಮಳೆ ಹದವಾಗಿ ಬಿದ್ದು ಬಿತ್ತನೆಗೆ ಎಲ್ಲರೂ ಅವಸರ ಪಡುತ್ತಿರುವ ದಿನಗಳಲ್ಲಿಯೂ ಆ ನೇಮವನ್ನು ಬಿಡದ ರೈತನು, ಎತ್ತು ತನ್ನ ಬಾಯಿಂದ ದಣಿದೆನೆಂದು ಹೇಳಲಾರದೆಂಬುದನ್ನು ಬಲ್ಲವನು. ಉದ್ಯಮಿಯ ದೇಹವೂ ಹಾಗೆಯೇ ಮೂಕವಾದುದು. ಅದಕ್ಕೆ ಸೋಮವಾರವನ್ನು ಗೊತ್ತುಮಾಡುವ ರೈತನೂ ಅವನೇ ಆಗಬೇಕಾಗಿರುವುದರಿಂದ, ಆ ದಿನವನ್ನು ಬಿಡುವು ದೊರೆತಾಗ ನೋಡೋಣವೆಂದು ಬಿಡದೆ, ಬಾಗಿಲಿನ ಮೇಲೆ ಬಣ್ಣದಲ್ಲಿ ಬರೆಯಿಸಿಬಿಡುವುದೇ ಲೇಸು. ಗಿರಾಕಿಗೆ ತಿಳಿದುಹೋದ ರಜೆಯನ್ನು ಯಜಮಾನನು ಸುಲಭವಾಗಿ ಮುರಿಯಲಾರನು.

ರಜೆಯ ಜೊತೆಗೆ ಎರಡನೆಯ ಮನುಷ್ಯನೊಬ್ಬ ಬೇಕು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತುಗಳನ್ನೋ ಒಂದು ಸಿಎನ್‌ಸಿ ಯಂತ್ರವನ್ನೋ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ಶೆಡ್ಡುಗಳ ಒಳಹೊಕ್ಕವರಿಗೆ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಕೊಟೇಶನ್ನು ಬರೆಯುವವನೂ ಮಾಲೀಕ, ಉಕ್ಕಿನ ಸರಳು ಕೊಳ್ಳುವವನೂ ಮಾಲೀಕ, ಆಪರೇಟರನು ಬಾರದ ದಿನ ಯಂತ್ರದ ಮುಂದೆ ನಿಲ್ಲುವವನೂ ಮಾಲೀಕ, ರಾತ್ರಿ ಬಿಲ್ಲುಗಳನ್ನು ಹೊಂದಿಸಿ ಕೂಡುವವನೂ ಅವನೇ. ತಿಂಗಳೆಂಬುದು ಅವನಿಗೆ ತಿಥಿವಾರಗಳಿಂದ ಆದುದಲ್ಲ. 7ನೆಯ ತಾರೀಖು ಸಂಬಳ, 15ನೆಯ ತಾರೀಖು ಭವಿಷ್ಯನಿಧಿ, 20ನೆಯ ತಾರೀಖು ಜಿಎಸ್‌ಟಿ, ನಡುನಡುವೆ ಬ್ಯಾಂಕಿನ ಕಂತು. ಇಂಥವನು ಒಬ್ಬ ನಂಬುಗೆಯವನನ್ನು ಆರಿಸಿ, ಮೊದಲು ಬಾಗಿಲಿನ ಬೀಗದ ಕೈಯನ್ನೂ, ಆಮೇಲೆ ಸಣ್ಣಪುಟ್ಟ ಖರೀದಿಯ ಅಧಿಕಾರವನ್ನೂ, ಕೊನೆಗೆ ಗಿರಾಕಿಗೆ ಇಲ್ಲವೆನ್ನುವ ಅಧಿಕಾರವನ್ನೂ ಕ್ರಮವಾಗಿ ಒಪ್ಪಿಸಬೇಕು. ಮೂರನೆಯದು ಬಹು ಕಷ್ಟದ್ದು, ಆದುದರಿಂದಲೇ ಬಹು ಮುಖ್ಯವಾದುದು. ಆ ಮನುಷ್ಯನು ತಪ್ಪು ಮಾಡುತ್ತಾನೆ, ಮಾಡಲೇಬೇಕು. ಆ ತಪ್ಪಿನಿಂದಾದ ನಷ್ಟವನ್ನು ಯಜಮಾನನು ಆಸ್ಪತ್ರೆಯ ಬಿಲ್ಲಿನ ಪಕ್ಕದಲ್ಲಿಟ್ಟು ತೂಗಿ ನೋಡಲಿ.

ನಿದ್ರೆಯ ವಿಚಾರದಲ್ಲಿ ವೈದ್ಯರು ಏಳು ತಾಸು ಬೇಕೆಂದು ಹೇಳುವುದು ಎಲ್ಲರಿಗೂ ತಿಳಿದದ್ದೇ. ಆದರೆ ಹಾಸಿಗೆಯ ಮೇಲೆ ಏಳು ತಾಸು ಮಲಗುವುದಕ್ಕೂ ನಿದ್ರಿಸುವುದಕ್ಕೂ ಬಹಳ ಅಂತರವಿದೆ, ಆ ಅಂತರವನ್ನು ತುಂಬುವುದು ಬಾರದ ಬಾಕಿ. ಸಣ್ಣ ಉದ್ಯಮಿಗಳ ನಿದ್ರಾಭಂಗಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಹತ್ತರಲ್ಲಿ ಹಲವರ ಮಂಚದ ಕೆಳಗೆ ದೊಡ್ಡ ಗಿರಾಕಿಯೊಬ್ಬನು ತೀರಿಸದ ಬಿಲ್ಲು ಸಿಕ್ಕೀತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳು ಒದಗಿಸಿದ ಸರಕಿಗೆ ಒಪ್ಪಂದವಿದ್ದರೂ 45 ದಿನಗಳೊಳಗಾಗಿ ಹಣ ಸಲ್ಲತಕ್ಕದ್ದೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ ತೆರತಕ್ಕದ್ದೆಂದೂ 2006ರ ಕೇಂದ್ರ ಅಧಿನಿಯಮವು ಸ್ಪಷ್ಟವಾಗಿ ವಿಧಿಸಿದೆ. ತಕರಾರನ್ನು ಕೇಳುವುದಕ್ಕೆ ರಾಜ್ಯದಲ್ಲಿ ಮಂಡಳಿಯೂ ಇದೆ. ಗಿರಾಕಿ ಮುನಿದಾನೆಂಬ ಅಂಜಿಕೆಯಿಂದ ಬಹುಮಂದಿ ಆ ಬಾಗಿಲನ್ನು ತಟ್ಟುವುದಿಲ್ಲ. ಮಂಡಳಿಯವರೆಗೆ ಹೋಗದಿದ್ದರೂ ಚಿಂತೆಯಿಲ್ಲ, ಬಿಲ್ಲಿನ ಅಡಿಯಲ್ಲಿ ಆ ವಿಧಿಯನ್ನು ಅಚ್ಚು ಹಾಕಿಸುವುದಕ್ಕೂ, ವಾರದಲ್ಲಿ ಒಂದು ಪೂರ್ವಾಹ್ನವನ್ನು ವಸೂಲಿಗೆಂದೇ ಮೀಸಲಿಡುವುದಕ್ಕೂ ಯಾರ ಅಪ್ಪಣೆಯೂ ಬೇಡ. ಮಲಗುವ ಮುಂಚೆ ಬಿಸಿ ಹಾಲು ಕುಡಿಯಬೇಕೆಂಬ ಸಲಹೆಗಿಂತ ಇದು ನಿದ್ರೆಗೆ ಹೆಚ್ಚು ಹತ್ತಿರದ ಚಿಕಿತ್ಸೆಯೆಂದು ನಾನು ನಂಬಿದ್ದೇನೆ. ಇದರೊಡನೆ, ಯಜಮಾನನು ತನಗೂ ಒಂದು ಗೊತ್ತಾದ ಸಂಬಳವನ್ನು ನಿಗದಿಮಾಡಿಕೊಂಡು, ಮನೆಯ ಖರ್ಚಿನ ಚೀಲವನ್ನೂ ಅಂಗಡಿಯ ಚೀಲವನ್ನೂ ಬೇರೆ ಮಾಡಿದರೆ, ಒಂದರ ಭಯವು ಮತ್ತೊಂದಕ್ಕೆ ದಾಟುವುದು ನಿಲ್ಲುತ್ತದೆ.

ಎಷ್ಟು ಗಳಿಸಿದರೆ ಸಾಕು ಎಂಬ ಪ್ರಶ್ನೆಯನ್ನು ಆರೋಗ್ಯದ ಭಾಷಣದಲ್ಲಿ ಎತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರೀತು; ಆದರೂ ಆ ಪ್ರಶ್ನೆಗೆ ಉತ್ತರವಾಗಿ ಒಂದು ಕಥೆಯುಂಟು. ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನೆಂಬಾತನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತೆಂದು ಅವನು ಹಿಗ್ಗಿ ತಂದಾಗ, ಮಡದಿ ಲಕ್ಕಮ್ಮನು ಅದನ್ನು ಒಲ್ಲದೆ, ಮಿಕ್ಕುದನ್ನು ಅಲ್ಲಿಗೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳೆಂದು ಕಥೆ. ಕಾಯಕದ ಹಿರಿಮೆಯನ್ನು ಹೇಳುವ ಸಭೆಗಳಲ್ಲಿ ಮಾರಯ್ಯನನ್ನು ನೆನೆಯದವರಿಲ್ಲ. ಹಿಂದಿರುಗಿಸಿದ ಅಕ್ಕಿಯ ಮಾತನ್ನು ಮಾತ್ರ ವಾಣಿಜ್ಯಸಂಘಗಳ ವಾರ್ಷಿಕೋತ್ಸವದಲ್ಲಿ ಯಾರೂ ಎತ್ತುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಇದೇ ಗತಿ ಒದಗಿದೆ: ನೂರು ವರ್ಷ ದಾಟಿ ಬಾಳಿದ ಅವರ ದುಡಿಮೆಯನ್ನು ಉದಾಹರಿಸುವವರು, ಅವರ ಮಿತಾಹಾರವನ್ನೂ ಗಡಿಯಾರಕ್ಕೆ ಕಟ್ಟಿದ ದಿನಚರಿಯನ್ನೂ ಬಿಟ್ಟು ಓದುತ್ತಾರೆ. ಉದ್ಯಮವು ಬೆಳೆಯಬಾರದೆಂದು ನಾನು ಹೇಳುವುದಿಲ್ಲ. ಎರಡನೆಯ ಶಾಖೆಯನ್ನು ತೆರೆಯುವ ಮೊದಲು, ಮೊದಲನೆಯದು ತಾನಿಲ್ಲದೆ ಒಂದು ವಾರ ನಡೆದೀತೆ ಎಂದು ಪರೀಕ್ಷಿಸಿ ನೋಡುವಷ್ಟು ತಾಳ್ಮೆ ಇರಲಿ ಎಂಬುದಿಷ್ಟೇ ನನ್ನ ಬಿನ್ನಹ.

ದೇಹಪರೀಕ್ಷೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ರಕ್ತದೊತ್ತಡವು 140ಕ್ಕೆ 90ನ್ನು ಮುಟ್ಟಿದರೂ ಅದು ನೋವನ್ನು ತರುವುದಿಲ್ಲ, ಸಕ್ಕರೆಯ ರೋಗವೂ ವರ್ಷಗಟ್ಟಲೆ ಸುಮ್ಮನೆ ಇದ್ದೀತು. ಆದುದರಿಂದ ಲೆಕ್ಕಪರಿಶೋಧನೆಗೆ ಪುಸ್ತಕಗಳನ್ನು ಕೊಡುವ ತಿಂಗಳಿನಲ್ಲಿಯೇ ತನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟುಬಿಡುವುದು ಅನುಕೂಲ. ವಾರಕ್ಕೆ ಕಡಮೆಯೆಂದರೂ 150 ನಿಮಿಷದ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಯಾಂಕಿಗೂ ಮಂಡಿಗೂ ಕಾಲ್ನಡಿಗೆಯಲ್ಲಿ ಹೋಗಿಬರುವವನಿಗೆ ಅದರ ಅರ್ಧವು ದಾರಿಯಲ್ಲಿಯೇ ದಕ್ಕುತ್ತದೆ.

ಮನಸ್ಸಿನ ಬೇನೆಯ ಮಾತು ಇನ್ನೂ ಗಹನವಾದುದು. ನೌಕರನಿಗೆ ದುಃಖ ತೋಡಿಕೊಳ್ಳಲು ಸಹೋದ್ಯೋಗಿಗಳಿದ್ದಾರೆ, ಯಜಮಾನನಿಗೆ ಯಾರಿದ್ದಾರೆ? ಕೆಲಸಗಾರರ ಮುಂದೆ ನಷ್ಟದ ಮಾತಾಡಿದರೆ ಅವರು ಬೇರೆ ಕೆಲಸ ಹುಡುಕಿಯಾರು, ಸಾಲ ಕೊಟ್ಟವರ ಮುಂದೆ ಆಡಿದರೆ ನಾಳೆಯೇ ಬಾಗಿಲಿಗೆ ಬಂದಾರು, ಮನೆಯಲ್ಲಿ ಆಡಿದರೆ ಹೆಂಡತಿಮಕ್ಕಳು ಹೆದರಿಯಾರು ಎಂದು ಮೂರು ಕಡೆಯೂ ಬಾಯಿ ಕಟ್ಟಿಕೊಂಡವನು ಎಲ್ಲರೆದುರಿಗೂ ನಗುಮುಖವನ್ನು ತೊಟ್ಟು ತಿರುಗುತ್ತಾನೆ. ಕಣ್ಣೀರು ಸಹ ತಡೆಯಬಾರದ ವೇಗವೆಂದು ಪ್ರಾಚೀನರು ಬರೆದುದನ್ನು ಇಲ್ಲಿ ನೆನೆಯಬೇಕು. ಒಂದೇ ವೃತ್ತಿಯ ನಾಲ್ಕೈದು ಜನ, ಪರಸ್ಪರ ಸ್ಪರ್ಧಿಗಳಲ್ಲದವರು, ಹದಿನೈದು ದಿನಕ್ಕೊಮ್ಮೆ ಸೇರಿ ತಮ್ಮ ಸೋಲುಗಳನ್ನು ಮುಚ್ಚುಮರೆಯಿಲ್ಲದೆ ಆಡಿಕೊಳ್ಳುವ ಏರ್ಪಾಟು ಊರೂರಿನಲ್ಲಿಯೂ ಆಗಬಹುದು. ನಿದ್ರೆ ಪೂರ್ತಿಯಾಗಿ ಹಾರಿಹೋದಾಗ, ಬದುಕೇ ಬೇಡವೆನಿಸಿದಾಗ, 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು. ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯನ್ನು ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಕೇಂದ್ರಸ್ಥಾನ. ಕನ್ನಡದಲ್ಲಿಯೇ ಮಾತನಾಡಬಹುದು.

ಇಷ್ಟು ಹೊತ್ತೂ ಯಜಮಾನ, ಅವನು ಎಂದೇ ಹೇಳುತ್ತ ಬಂದೆ. ಆದರೆ ವಿಜಯಪುರ, ಕಲಬುರಗಿಗಳ ಕಡೆ ಜೋಳದ ರೊಟ್ಟಿಯನ್ನು ಬಡಿದು ಒಣಗಿಸಿ, ಕಟ್ಟುಕಟ್ಟಾಗಿ ಊರಿಂದೂರಿಗೆ ಕಳುಹಿಸುವ ಉದ್ಯಮಗಳನ್ನು ಕಟ್ಟಿದವರು ಬಹುಮಟ್ಟಿಗೆ ಹೆಂಗಸರು. ಅಂಥ ಹೆಂಗಸು ನಸುಕಿನಲ್ಲಿ ಎದ್ದು ಮನೆಯ ಒಲೆ ಹಚ್ಚುತ್ತಾಳೆ, ಹಗಲೆಲ್ಲ ಉದ್ಯಮದ ಒಲೆಯ ಮುಂದೆ ಕೂರುತ್ತಾಳೆ, ಸಂಜೆ ಮತ್ತೆ ಮನೆಯ ಒಲೆಗೇ ಹಿಂದಿರುಗುತ್ತಾಳೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಮಾಡುವ ಗಂಡಸು 97 ನಿಮಿಷವನ್ನೂ ಕೊಡುತ್ತಾರೆಂದು ಕಂಡುಬಂದಿತು. ಇಂಥಾಕೆಗೆ ಬೆಳಗಿನ ನಡಿಗೆ, ಪ್ರಾಣಾಯಾಮ, ವಾರದ ರಜೆ ಎಂದು ನಾವು ಹೇಳಹೊರಟರೆ ಅವೆಲ್ಲ ಅವಳ ಪಟ್ಟಿಗೆ ಸೇರುವ ಮತ್ತೆ ಮೂರು ಕೆಲಸಗಳಾದಾವು. ರಜೆಯ ದಿನ ರೊಟ್ಟಿಯ ಒಲೆ ಆರಿದರೂ ಮನೆಯ ಒಲೆ ಆರುವುದಿಲ್ಲವಷ್ಟೆ. ಆದುದರಿಂದ ಇಲ್ಲಿ ನನ್ನ ಮಾತು ಆಕೆಗಲ್ಲ, ಆಕೆಯ ಸಂಪಾದನೆಯಿಂದ ಮನೆಯ ಸಾಲ ತೀರಿತೆಂದು ನಾಲ್ಕು ಜನರ ಮುಂದೆ ಹೆಮ್ಮೆಪಡುವ ಗಂಡನಿಗೂ ಬೆಳೆದ ಮಗನಿಗೂ: ಬೆಳಗಿನ ಚಹವನ್ನೂ ಮಕ್ಕಳ ಡಬ್ಬಿಯನ್ನೂ ನೀರು ತುಂಬುವುದನ್ನೂ ನೀವು ವಹಿಸಿಕೊಂಡರೆ ಆಕೆಗೆ ದಿನವೂ ಇನ್ನೊಂದು ತಾಸಿನ ನಿದ್ರೆ ಸಿಕ್ಕೀತು, ಬಿಸಿಯಾದ ಒಂದು ಊಟ ಹೊತ್ತಿಗೆ ಸರಿಯಾಗಿ ದಕ್ಕೀತು, ಈ ಕೆಲಸಗಳನ್ನು ಕಲಿಯುವುದಕ್ಕೆ ಒಂದು ವಾರ ಧಾರಾಳವಾಗಿ ಸಾಕು.